ಸ್ಕ್ರೂಜನ ಕನಸು, ಕ್ರ್ಯಾಚಿಟ್ಟನ ಕೂಲಿ

ಪ್ರತಿ ಡಿಸೆಂಬರಿಗೂ ಒಬ್ಬ ಸಾಹುಕಾರ ಒಳ್ಳೆಯವನಾಗುತ್ತಾನೆ. ಟಿ.ವಿ.ಯಲ್ಲಿ ಆಗುತ್ತಾನೆ, ಸಿನಿಮಾ ಮಂದಿರದಲ್ಲಿ ಆಗುತ್ತಾನೆ, ಈಗೀಗ ಅಂಗೈಯ ಮೊಬೈಲಿನಲ್ಲೂ ಆಗುತ್ತಾನೆ. ರಾತ್ರಿ ದೆವ್ವ ಕಂಡು ಬೆವರುತ್ತಾನೆ, ಬೆಳಿಗ್ಗೆ ಎದ್ದು ನಗುತ್ತಾನೆ, ಗುಮಾಸ್ತನಿಗೆ ಕೋಳಿ ಕೊಡುತ್ತಾನೆ, ಸಂಬಳ ಏರಿಸುತ್ತಾನೆ. ಹಿಮ ಬೀಳುತ್ತದೆ, ಗಂಟೆ ಮೊಳಗುತ್ತದೆ, ಹಾಡು ಮುಗಿಯುತ್ತದೆ. ಮುಂದಿನ ಡಿಸೆಂಬರು ಬರುವ ಹೊತ್ತಿಗೆ ಅದೇ ಸಾಹುಕಾರ ಮತ್ತೆ ಜಿಪುಣನಾಗಿ ಕೂತಿರುತ್ತಾನೆ. ಗುಮಾಸ್ತ ಮತ್ತೆ ಚಳಿಯಲ್ಲಿ ನಡುಗುತ್ತಿರುತ್ತಾನೆ. ಇಷ್ಟು ಸಲ ಒಳ್ಳೆಯವನಾದವನು ಒಂದು ಸಲವಾದರೂ ಒಳ್ಳೆಯವನಾಗಿ ಉಳಿಯಬಾರದೇನು?

ಮಕ್ಕಳ ಕಾರ್ಟೂನಿನ ಮೇಲೆ ಇಷ್ಟು ಸಿಟ್ಟು ಯಾಕ್ರಪ್ಪಾ ಅಂತ ಕೆಲವರು ಕೇಳಬಹುದು. ಮಕ್ಕಳದ್ದು ಅನ್ನುವುದಕ್ಕೇ ಸಿಟ್ಟು. ಒಡೆಯ ಅಂದರೆ ಏನು, ಕೂಲಿ ಅಂದರೆ ಏನು, ಬಡವ ಹೇಗಿದ್ದರೆ ಚೆಂದ ಎಂಬ ಪಾಠ ಮೊದಲು ಇಳಿಯುವುದು ಆ ವಯಸ್ಸಿನಲ್ಲೇ. ಒಡೆಯನ ಲೆಕ್ಕದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದವರ ಮಕ್ಕಳು ನಾವು. ನಮ್ಮ ಮನೆಗಳಲ್ಲಿ ಆ ಪುಸ್ತಕವನ್ನು ಓದಬಲ್ಲ ಮೊದಲ ತಲೆಮಾರು ನಾವು. ಲೆಕ್ಕದ ಪುಸ್ತಕವೇ ಮುಖ್ಯ ಪಾತ್ರವಾಗಿರುವ ಕತೆಯೊಂದು ಸಿಕ್ಕಿದಾಗ ಅದನ್ನು ಸುಮ್ಮನೆ ನಕ್ಕು ಬಿಡುವುದಕ್ಕೆ ನಮಗೆ ಆಗುವುದಿಲ್ಲ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಲೇಖಕ ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರ್ 19ರಂದು ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಸಣ್ಣ ಪುಸ್ತಕ ಹೊರತಂದ. ಲಂಡನ್ನಿನಲ್ಲಿ ಸ್ಕ್ರೂಜ್ ಎಂಬ ಜಿಪುಣ ಸಾಹುಕಾರ. ಅವನ ಹತ್ತಿರ ವಾರಕ್ಕೆ 15 ಶಿಲಿಂಗಿಗೆ ದುಡಿಯುವ ಗುಮಾಸ್ತ ಬಾಬ್ ಕ್ರ್ಯಾಚಿಟ್. ಕಲ್ಲಿದ್ದಲ ಡಬ್ಬ ಸಾಹುಕಾರನ ಕೋಣೆಯಲ್ಲಿ. ಬೆಂಕಿಗೆ ಇನ್ನೊಂದು ಚೂರು ಕೇಳಿದರೆ ಕೆಲಸಕ್ಕೇ ಕುತ್ತು. ಕ್ರಿಸ್‌ಮಸ್ಸಿನ ಒಂದು ದಿನ ರಜ ಕೊಟ್ಟರೂ ಜೇಬು ಕತ್ತರಿಸಿದರು ಎಂಬ ಗೊಣಗಾಟ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಅವನ ಸತ್ತ ಪಾಲುದಾರ ಮಾರ್ಲಿ ಸರಪಳಿ ಎಳೆದುಕೊಂಡು ಬರುತ್ತಾನೆ. ಸರಪಳಿಯ ಕೊಂಡಿ ಕೊಂಡಿಗೂ ಹಣದ ಪೆಟ್ಟಿಗೆ, ಬೀಗ, ಬೀಗದಕೈ, ಲೆಕ್ಕದ ಪುಸ್ತಕ, ಪತ್ರ. ಅವನ ಹಿಂದೆ ಮೂರು ದೆವ್ವ: ಕಳೆದುಹೋದ ಕಾಲದ್ದು, ಈಗಿನದು, ಬರಲಿರುವುದು. ಕೊನೆಗೆ ತನ್ನ ಸಮಾಧಿಯನ್ನೇ ಕಂಡ ಮುದುಕ ಗಡಗಡ ನಡುಗಿ ಬದಲಾಗುತ್ತಾನೆ. ಗುಮಾಸ್ತನ ಕಾಯಿಲೆಯ ಮಗ, ಊರುಗೋಲಿನ ಪುಟ್ಟ ಟಿಮ್, ಬದುಕಿಕೊಳ್ಳುತ್ತಾನೆ.

ಈ ಪುಸ್ತಕ ಹಬ್ಬದ ಸಡಗರದಲ್ಲಿ ಹುಟ್ಟಿದ್ದಲ್ಲ. 1824ರಲ್ಲಿ ಡಿಕನ್ಸನ ಅಪ್ಪ ಸಾಲ ತೀರಿಸಲಾಗದೆ ಮಾರ್ಷಲ್‌ಸೀ ಜೈಲು ಸೇರಿದ. 12 ವರ್ಷದ ಹುಡುಗ ಬೂಟುಪಾಲಿಷಿನ ಕಾರ್ಖಾನೆಯಲ್ಲಿ ವಾರಕ್ಕೆ 6 ಶಿಲಿಂಗಿಗೆ ಡಬ್ಬಿಗಳಿಗೆ ಚೀಟಿ ಅಂಟಿಸಿದ. 1843ರಲ್ಲಿ ದುಡಿಯುವ ಮಕ್ಕಳ ಬಗ್ಗೆ ಸರ್ಕಾರಿ ಆಯೋಗದ ಎರಡನೆಯ ವರದಿ ಬಂತು. ಅದನ್ನು ಓದಿ ಕುದಿದ ಡಿಕನ್ಸ್ ಬಡವರ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಲು ಹೊರಟ. ಆಮೇಲೆ, ಕರಪತ್ರಕ್ಕಿಂತ ಕತೆಯ ಏಟು ಗಟ್ಟಿ ಎಂದು ಮನಸ್ಸು ಬದಲಿಸಿದ. ಅಂದರೆ ಗೆಳೆಯರೇ, ಇವತ್ತು ಬಾತುಕೋಳಿಗಳೂ ಇಲಿಗಳೂ ಕುಣಿಯುತ್ತಿರುವ ಈ ಕತೆ ಮೂಲದಲ್ಲಿ ಒಂದು ಕರಪತ್ರ. ಕರಪತ್ರದ ಹೊಟ್ಟೆಯಿಂದ ಸಿಟ್ಟನ್ನು ಬಗೆದು ತೆಗೆದು ಒಳಗೆ ಸಕ್ಕರೆ ತುಂಬಿದವರು ಯಾರು? ನಮ್ಮ ಪ್ರಶ್ನೆ ಇದು.

ಆ ಸಿಟ್ಟು ಯಾರ ಮೇಲಿತ್ತು ಎಂದು ತಿಳಿಯಬೇಕು. 1834ರಲ್ಲಿ ಇಂಗ್ಲೆಂಡು ಹೊಸ ಬಡವರ ಕಾನೂನು ತಂತು. ಗತಿಯಿಲ್ಲದವರು ಸಹಾಯ ಬೇಕಾದರೆ ವರ್ಕ್‌ಹೌಸ್ ಎಂಬ ದೊಡ್ಡಿಗೆ ಬರಲಿ, ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಒಂದು ಕಡೆ. ಈ ಕಾನೂನಿಗೆ ತತ್ವದ ಬೆಂಬಲ ಸಿಕ್ಕಿದ್ದು ಮಾಲ್ಥಸ್‌ನಿಂದ. ಜನ ಹೆಚ್ಚಾದರೆ ಅನ್ನ ಸಾಲದು, ಬಡವರಿಗೆ ನೆರವು ಕೊಟ್ಟರೆ ಬಡವರು ಹೆಚ್ಚುತ್ತಾರೆ ಎಂದವನು ಅವನು. ದಾನ ಕೇಳಲು ಬಂದವರಿಗೆ ಸ್ಕ್ರೂಜ್ ಹೇಳುವುದೂ ಅದನ್ನೇ: ಜೈಲುಗಳಿಲ್ಲವೇ, ವರ್ಕ್‌ಹೌಸುಗಳಿಲ್ಲವೇ, ಅಲ್ಲಿಗೆ ಹೋಗಲಾರದವರು ಸತ್ತರೆ ಹೆಚ್ಚುವರಿ ಜನ ಕಡಿಮೆಯಾದರು ಎಂದು. ಅವನ ಬಾಯಲ್ಲಿ ಒಂದು ಸರ್ಕಾರ ಮಾತಾಡುತ್ತಿತ್ತು.

ಈ ಮಾತು ಇಂಗ್ಲೆಂಡಿನಲ್ಲೇ ಉಳಿಯಲಿಲ್ಲ. ಮಾಲ್ಥಸ್ 1805ರಿಂದ 1834ರಲ್ಲಿ ಸಾಯುವವರೆಗೆ ಮೇಷ್ಟ್ರಾಗಿದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ. ನಮ್ಮನ್ನು ಆಳಲು ಹಡಗು ಹತ್ತುತ್ತಿದ್ದ ಹುಡುಗರಿಗೆ ಅರ್ಥಶಾಸ್ತ್ರ ಕಲಿಸುವುದು ಅವನ ಕೆಲಸ. ಅವನು ಹೋದ ಮೇಲೂ ಆ ಕಾಲೇಜು ನಡೆಯಿತು. ಅಲ್ಲೇ ಓದಿದ ರಿಚರ್ಡ್ ಟೆಂಪಲ್ 1877ರ ಬರದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬಂದು, ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೊಂದಿಷ್ಟು ಚಿಲ್ಲರೆ ಸಾಕು ಎಂದು ಕೂಲಿ ಇಳಿಸಿದ. ಅದೇ ಬರವನ್ನು ನಮ್ಮ ಹಿರೀಕರು ಧಾತು ಈಶ್ವರ ಸಂವತ್ಸರದ ಬರ ಎಂದು ನೆನೆಯುತ್ತಿದ್ದರು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನ 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ಸ್ಕ್ರೂಜನ ಬಾಯಿಂದ ಡಿಕನ್ಸ್ ಆಡಿಸಿದ ಮಾತು ಎಂಥದೆಂದು ಈ ಲೆಕ್ಕ ನೋಡಿದರೆ ತಿಳಿಯುತ್ತದೆ. ಆ ಕತೆ ಪರದೇಶದ್ದು ಎಂದು ನಾವು ಕೈ ತೊಳೆದುಕೊಳ್ಳಲಾರೆವು.

ಈಗ ಕಾರ್ಟೂನಿಗೆ ಬರೋಣ. ಪುಸ್ತಕದ ನಡುವೆ ಒಂದು ಜಾಗವಿದೆ. ಈಗಿನ ಕಾಲದ ದೆವ್ವ ತನ್ನ ನಿಲುವಂಗಿಯ ಮಡಿಕೆ ಸರಿಸುತ್ತದೆ. ಕಾಲ ಬುಡದಲ್ಲಿ ಇಬ್ಬರು ಮಕ್ಕಳು, ಒಣಗಿ ಎಲುಬು ಹಂದರವಾದವರು. ಹುಡುಗನ ಹೆಸರು ಅಜ್ಞಾನ, ಹುಡುಗಿಯ ಹೆಸರು ಇಲ್ಲದಿಕೆ. ಇವು ಯಾರ ಮಕ್ಕಳು ಎಂದು ಸ್ಕ್ರೂಜ್ ಕೇಳಿದರೆ ಮನುಷ್ಯರ ಮಕ್ಕಳು ಎಂಬ ಉತ್ತರ ಬರುತ್ತದೆ. ಜೈಲು, ವರ್ಕ್‌ಹೌಸಿನ ಬಗ್ಗೆ ಅವನು ಆಡಿದ ಮಾತನ್ನೇ ದೆವ್ವ ಅವನ ಮುಖಕ್ಕೆ ಎಸೆಯುತ್ತದೆ. ಕರಪತ್ರದ ಬೆಂಕಿ ಇರುವುದು ಇಲ್ಲೇ. ಇದನ್ನು ತೆಗೆದರೆ ಉಳಿಯುವುದು ಒಬ್ಬ ಮುದುಕ, ಒಂದು ಕೋಳಿ, ಒಂದಿಷ್ಟು ಹಿಮ.

1971ರಲ್ಲಿ ರಿಚರ್ಡ್ ವಿಲಿಯಮ್ಸ್ ಎಂಬ ಕಲಾವಿದ ಅಮೆರಿಕದ ಟಿ.ವಿ.ಗಾಗಿ ಈ ಕತೆಯನ್ನು ಸುಮಾರು 25 ನಿಮಿಷದ ಚಿತ್ರ ಮಾಡಿದ. ಅದರಲ್ಲಿ ಆ ಇಬ್ಬರು ಮಕ್ಕಳಿದ್ದಾರೆ. ಗಣಿಯವರೂ ಇದ್ದಾರೆ, ದೀಪಸ್ತಂಭದ ಕಾವಲಿನವರೂ ಇದ್ದಾರೆ. ಅದಕ್ಕೆ ಆಸ್ಕರ್ ಬಂತು. 1983ರಲ್ಲಿ ಡಿಸ್ನಿ ಕಂಪನಿ ‘ಮಿಕ್ಕೀಸ್ ಕ್ರಿಸ್‌ಮಸ್ ಕ್ಯಾರಲ್’ ತೆಗೆಯಿತು. ಅದೂ ಸುಮಾರು 26 ನಿಮಿಷ. ಅದರಲ್ಲಿ ಆ ಮಕ್ಕಳಿಲ್ಲ. ಸಮಯ ಸಾಲಲಿಲ್ಲ ಎಂದು ಹೇಳುವಂತಿಲ್ಲ, ಗಡಿಯಾರ ಎರಡಕ್ಕೂ ಒಂದೇ. ಮಕ್ಕಳು ಹೆದರುತ್ತಾರೆ ಎಂದೂ ಹೇಳುವಂತಿಲ್ಲ. ಅದೇ ಚಿತ್ರದಲ್ಲಿ ಸ್ಕ್ರೂಜನನ್ನು ಉರಿಯುವ ಗುಂಡಿಯೊಳಗೆ ತಳ್ಳುವುದನ್ನು ತೋರಿಸಿದ್ದಾರೆ. ನರಕದ ಬೆಂಕಿ ಮಕ್ಕಳಿಗೆ ಆಗುತ್ತದೆ, ಹಸಿದ ಮಗುವಿನ ಮುಖ ಆಗುವುದಿಲ್ಲ! ಯಾಕೆಂದರೆ ನರಕದ ಬೆಂಕಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಹಸಿದ ಮಗು ಕೇಳುತ್ತದೆ.

ಆ ಡಿಸ್ನಿ ಚಿತ್ರವನ್ನು ಇನ್ನೊಂದು ಸಲ ಕಣ್ಣು ಬಿಟ್ಟು ನೋಡಿ. ಮಿಕ್ಕಿ ಇಲಿಯೇ ಕ್ರ್ಯಾಚಿಟ್. ಸಾಹುಕಾರನ ಬಟ್ಟೆ ಒಗೆಯುವುದೂ ಅವನದೇ ಪಾಡು, ಅದು ಅಲ್ಲಿ ನಗುವಿನ ಮಾತು. ಸರಪಳಿ ತೊಟ್ಟ ಮಾರ್ಲಿ ವಿಧವೆಯರನ್ನು ದೋಚಿದ್ದನ್ನು, ಬಡವರಿಗೆ ಟೋಪಿ ಹಾಕಿದ್ದನ್ನು ನೆನೆಸಿಕೊಂಡರೆ ಸ್ಕ್ರೂಜ್ ಭಲೇ ಎನ್ನುತ್ತಾನೆ, ಅದೂ ನಗುವೇ. ದಾನ ಕೇಳಲು ಬಂದವರಿಗೆ, ಬಡವರಿಗೆ ಹಣ ಕೊಟ್ಟರೆ ಅವರು ಬಡವರಾಗಿ ಉಳಿಯುವುದಿಲ್ಲ, ಆಗ ನಿಮ್ಮ ವಸೂಲಿ ಕೆಲಸವೇ ಹೋಗುತ್ತದಲ್ಲಾ ಎಂದು ಚಮತ್ಕಾರವಾಡಿ ಬಾಗಿಲಿಗೆ ಅಟ್ಟುತ್ತಾನೆ. 1843ರಲ್ಲಿ ಮೈ ಉರಿಸಿದ ಮಾತು 1983ಕ್ಕೆ ಮೈ ಮರೆಸುವ ಜೋಕಾಯಿತು. ಪುಸ್ತಕದಲ್ಲಿ ಗಂಡ ಸಾಹುಕಾರನ ಹೆಸರು ಹೇಳಿ ಲೋಟ ಎತ್ತಿದಾಗ ಕ್ರ್ಯಾಚಿಟ್ಟನ ಹೆಂಡತಿ ಸಿಡಿಯುತ್ತಾಳೆ. ಅಂಥ ಕಲ್ಲೆದೆಯವನು ಎದುರಿಗೆ ಸಿಕ್ಕರೆ ಸರಿಯಾಗಿ ಬುದ್ಧಿ ಹೇಳುತ್ತಿದ್ದೆ ಎನ್ನುತ್ತಾಳೆ. ಇಡೀ ಮನೆಯಲ್ಲಿ ವರ್ಗದ ಅರಿವಿರುವ ಒಂದೇ ಜೀವ ಆ ಹೆಂಗಸು. ಡಿಸ್ನಿ ಚಿತ್ರದಲ್ಲಿ ಆ ಪಾತ್ರ ಮಿನ್ನಿಯದು. ಮಿನ್ನಿಗೆ ಒಂದೇ ಒಂದು ಮಾತೂ ಇಲ್ಲ. ಬಾಯಿದ್ದವಳ ಬಾಯಿಗೆ ಬೀಗ!

ಇನ್ನು ಸ್ಕ್ರೂಜನ ವೇಷ ಹಾಕಿದವನು ಯಾರು? ಸ್ಕ್ರೂಜ್ ಮ್ಯಾಕ್‌ಡಕ್ ಎಂಬ ಬಾತುಕೋಳಿ. 1947ರಲ್ಲಿ ಕಾರ್ಲ್ ಬಾರ್ಕ್ಸ್ ಎಂಬ ಚಿತ್ರಕಾರ ಡಿಕನ್ಸನ ಜಿಪುಣನ ಹೆಸರನ್ನೇ ಇಟ್ಟು ಹುಟ್ಟಿಸಿದ ಪಾತ್ರ ಇದು. 1983ರಲ್ಲಿ ಪಶ್ಚಾತ್ತಾಪ ಪಟ್ಟ ಈ ಬಾತುಕೋಳಿ 1987ರ ‘ಡಕ್‌ಟೇಲ್ಸ್’ ಧಾರಾವಾಹಿಯಲ್ಲಿ ಏನು ಮಾಡಿತು ಗೊತ್ತೇ? ನಾಣ್ಯದ ಗುಡ್ಡೆಗೆ ಧುಮುಕಿ ಈಜು ಹೊಡೆಯಿತು. ಈಗ ಅವನೇ ನಾಯಕ. ಅವನ ಖಜಾನೆಗೆ ಕೈ ಹಾಕುವವರು ಖಳರು. 1990ರ ದಶಕದಲ್ಲಿ ನಮ್ಮ ದೂರದರ್ಶನವೂ ಇದನ್ನು ಹಿಂದಿಯಲ್ಲಿ ತೋರಿಸಿತು. ನಮಗಿಂತ ಮುಂಚಿನ ಒಂದು ತಲೆಮಾರಿನ ಮಕ್ಕಳು ಹಣದಲ್ಲಿ ಈಜುವ ಜಿಪುಣನಿಗೆ ಚಪ್ಪಾಳೆ ತಟ್ಟುತ್ತಾ ಬೆಳೆದರು. ಡಿಕನ್ಸ್ ಕಟ್ಟಿದ ಸರಪಳಿಯನ್ನು ಇವರು ಬಿಚ್ಚಿ ಈಜುಕೊಳ ಕಟ್ಟಿಕೊಟ್ಟರು.

ಈ ಹಬ್ಬದ ಕಾರ್ಟೂನುಗಳ ಸಾಲು ಶುರುವಾದದ್ದೇ ವ್ಯಾಪಾರದಿಂದ. 1962ರ ಡಿಸೆಂಬರಿನಲ್ಲಿ ಅಮೆರಿಕದ ಟಿ.ವಿ.ಗೆ ಬಂದ ‘ಮಿಸ್ಟರ್ ಮಗೂಸ್ ಕ್ರಿಸ್‌ಮಸ್ ಕ್ಯಾರಲ್’ಗೆ ಹಣ ಹಾಕಿದ್ದು ಟೈಮೆಕ್ಸ್ ಗಡಿಯಾರ ಕಂಪನಿ. 2006ರಲ್ಲಿ ಡ್ಯಾಫಿ ಬಾತುಕೋಳಿ ದೊಡ್ಡ ಅಂಗಡಿಯ ಒಡೆಯನಾಗಿ, ಕ್ರಿಸ್‌ಮಸ್ ದಿನವೂ ಕೆಲಸಕ್ಕೆ ಬನ್ನಿ ಎಂದು ಆಳುಗಳನ್ನು ಗೋಳುಹೊಯ್ದುಕೊಂಡ. 2008ರಲ್ಲಿ ಬಾರ್ಬಿ ಗೊಂಬೆಯೂ ಇದೇ ಕತೆ ಹೇಳಿತು. ಅಲ್ಲಿ ಸಾಹುಕಾರನೇ ಇಲ್ಲ, ಅಹಂಕಾರದ ಒಬ್ಬ ರಂಗನಟಿ ಇದ್ದಾಳೆ. ಲೇವಾದೇವಿ ಹೋಯಿತು, ಬಡ್ಡಿ ಹೋಯಿತು, ಉಳಿದದ್ದು ದುರ್ಗುಣ ಮಾತ್ರ. ನೋಡಿ, ಸುಲಿಗೆಯನ್ನು ಹೀಗೆ ಸ್ವಭಾವ ಮಾಡಿಬಿಡುತ್ತಾರೆ. ಒಬ್ಬನ ಮೂಗು ಉದ್ದ, ಒಬ್ಬನ ಕೈ ಗಿಡ್ಡ ಅನ್ನುವ ಹಾಗೆ. ಸ್ವಭಾವವಾದರೆ ಅದಕ್ಕೆ ಮದ್ದು ಉಪದೇಶ. ಸುಲಿಗೆಯಾದರೆ ಅದಕ್ಕೆ ಮದ್ದು ಬೇರೆ.

ಈ ಚಿತ್ರಗಳನ್ನು ಬರೆದ ಕೈಗಳ ಕತೆ ಕೇಳಿ. 1941ರ ಮೇ ತಿಂಗಳಲ್ಲಿ ಡಿಸ್ನಿ ಸ್ಟುಡಿಯೋದ ನೂರಾರು ಚಿತ್ರಕಾರರು ಸಂಘದ ಹಕ್ಕಿಗಾಗಿ ಮುಷ್ಕರ ಹೂಡಿದರು. ಸಂಘ ಕಟ್ಟಿದ್ದಕ್ಕೆ ಆರ್ಟ್ ಬ್ಯಾಬಿಟ್ ಎಂಬ ಕಲಾವಿದನನ್ನು ಕೆಲಸದಿಂದ ಕಿತ್ತು ಹಾಕಿದ್ದು ಆ ಮುಷ್ಕರದ ಕಿಡಿ. ಗೂಫಿ ಎಂಬ ಪಾತ್ರಕ್ಕೆ ನಡಿಗೆ, ಗತ್ತು ಕೊಟ್ಟು ಬೆಳೆಸಿದವನು ಇದೇ ಬ್ಯಾಬಿಟ್. 1983ರ ಚಿತ್ರದಲ್ಲಿ ಬಡವರನ್ನು ಸುಲಿದ ಪಾಪಕ್ಕೆ ಸರಪಳಿ ತೊಟ್ಟು ಬರುವ ಮಾರ್ಲಿ ಯಾರೆಂದುಕೊಂಡಿರಿ? ಅದೇ ಗೂಫಿ! ಆ ಚಿತ್ರ ತೆರೆಗೆ ಬರುವ ಹಿಂದಿನ ವರ್ಷ, 1982ರಲ್ಲಿ, ಅಲ್ಲಿನ ಚಿತ್ರಕಾರರ ಸಂಘ ಮತ್ತೆ ಮುಷ್ಕರ ಮಾಡಿತ್ತು, ನಮ್ಮ ಕೆಲಸವನ್ನು ಕಡಿಮೆ ಕೂಲಿಯ ದೇಶಗಳಿಗೆ ಸಾಗಿಸಬೇಡಿ ಎಂದು. ಸಂಘ ಸೋತಿತು. 2009ರಲ್ಲಿ ಡಿಸ್ನಿ ಇದೇ ಕತೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ತೆಗೆಯಿತು. ಜಿಮ್ ಕ್ಯಾರಿ ಸ್ಕ್ರೂಜ್, ಜೆಮೆಕಿಸ್ ನಿರ್ದೇಶಕ. ಇದರಲ್ಲಿ ಆ ಇಬ್ಬರು ಮಕ್ಕಳು ಇದ್ದಾರೆ, ಇಲ್ಲವೆಂದು ನಾವು ಸುಳ್ಳು ಹೇಳುವುದಿಲ್ಲ. ಆದರೆ ಚಿತ್ರ ಬಿಡುಗಡೆಯಾಗಿ ನಾಲ್ಕು ತಿಂಗಳಿಗೆ, 2010ರ ಮಾರ್ಚಿನಲ್ಲಿ, ಅದನ್ನು ತಯಾರಿಸಿದ ಸ್ಟುಡಿಯೋವನ್ನೇ ಮುಚ್ಚುವುದಾಗಿ ಡಿಸ್ನಿ ಹೇಳಿತು. ಕೆಲಸ ಹೋಗುವವರು ಸುಮಾರು 450 ಜನ. ತೆರೆಯ ಮೇಲೆ ಗುಮಾಸ್ತನಿಗೆ ಸಂಬಳ ಏರಿತು. ತೆರೆಯ ಹಿಂದೆ ಅದನ್ನು ಬಿಡಿಸಿದವನಿಗೆ ಚೀಟಿ ಬಂತು.

ಕಡಿಮೆ ಕೂಲಿ ಹುಡುಕಿಕೊಂಡು ಹೊರಟ ಆ ಕೆಲಸ ಬೆಂಗಳೂರಿಗೂ ಬಂದಿದೆ. ಪರದೇಶದ ಚಿತ್ರಗಳಿಗೆ ಬಣ್ಣ, ಬೆಳಕು, ಚಲನೆ ಕೊಡುವ ಹುಡುಗ ಹುಡುಗಿಯರು ಇಲ್ಲೂ ರಾತ್ರಿ ಕಣ್ಣು ಸುಟ್ಟುಕೊಂಡು ಕೂತಿದ್ದಾರೆ. 2025ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಟೆಕ್ನಿಕಲರ್ ಕಂಪನಿ ಕುಸಿದಾಗ ಬೆಂಗಳೂರು, ಮುಂಬಯಿಗಳಲ್ಲಿ ಸಾವಿರಾರು ಜನ ಒಂದೇ ಏಟಿಗೆ ಬೀದಿಗೆ ಬಿದ್ದರು. ಅವರ ಒಡೆಯರ ಕನಸಿಗೆ ಯಾವ ದೆವ್ವವೂ ಬರಲಿಲ್ಲ.

ನಮಗೆ ಒಂದು ಮಾತು ಎದುರಾಗುತ್ತದೆ: ಏನಾದರೂ ಆಗಲಿ, ಇದು ಒಳ್ಳೆಯ ಭಾವನೆ ಹುಟ್ಟಿಸುತ್ತದಲ್ಲ, ನಾಲ್ಕು ಜನ ನಾಲ್ಕು ಕಾಸು ಕೊಡುತ್ತಾರಲ್ಲ, ಅದೇನು ಕಡಿಮೆಯೇ? ಹಸಿದವನಿಗೆ ಒಂದು ಹೊತ್ತಿನ ಊಟ ದೊಡ್ಡದು. ಹಸಿವು ಗೊತ್ತಿರುವ ನಾವು ಅದನ್ನು ಹೀಗಳೆಯುವವರಲ್ಲ. ಆದರೆ ಈ ಕತೆ ಆ ಊಟಕ್ಕೆ ಕಟ್ಟಿಸಿಕೊಳ್ಳುವ ಬೆಲೆ ನೋಡಿ. ಬಡವ ಸಿಹಿಯಾಗಿರಬೇಕು. ಕಾಯಿಲೆಯ ಮಗುವಿರಬೇಕು, ಆ ಮಗು ಹಾಡಬೇಕು, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹರಸಬೇಕು. ಅಪ್ಪ ಒಡೆಯನ ಆರೋಗ್ಯಕ್ಕೆ ಲೋಟ ಎತ್ತಬೇಕು. ಇಷ್ಟೆಲ್ಲ ಮಾಡಿದರೆ ಕೋಳಿ ಸಿಗುತ್ತದೆ. ಹಾಗಾದರೆ ಹಾಡಲು ಬಾರದ ಮಗು? ತಿರುಗಿ ಬಯ್ಯುವ ಅಪ್ಪ? ಅವರ ಪಾಲಿಗೆ ಯಾವ ದೆವ್ವ?

ಡಿಕನ್ಸನನ್ನೂ ನಾವು ಸುಮ್ಮನೆ ಬಿಡುವುದಿಲ್ಲ. ಅವನು ಗಾಯ ತೋರಿಸಿದ, ಮದ್ದು ಹುಡುಕಲು ಮಾತ್ರ ಸಾಹುಕಾರನ ಎದೆಗೇ ಕೈ ಹಾಕಿದ. ಪುಸ್ತಕದಲ್ಲಿ ಫೆಜಿವಿಗ್ ಎಂಬ ಒಳ್ಳೆಯ ಒಡೆಯ ಬರುತ್ತಾನೆ, ಆಳುಗಳೊಂದಿಗೆ ಕುಣಿಯುತ್ತಾನೆ. ಅವನನ್ನು ನೋಡಿ ಸ್ಕ್ರೂಜ್, ನಮ್ಮ ಸುಖ ದುಃಖ ಎರಡೂ ಇವನ ಕೈಯಲ್ಲಿತ್ತು ಎಂದು ಕರಗುತ್ತಾನೆ. ಡಿಕನ್ಸ್ ಅಲ್ಲಿ ನಿಲ್ಲುತ್ತಾನೆ. ನಾವು ಅಲ್ಲಿಂದ ಶುರು ಮಾಡುತ್ತೇವೆ. ಅಷ್ಟು ಜನರ ಸುಖ ದುಃಖ ಒಬ್ಬನ ಕೈಗೆ ಯಾಕೆ ಹೋಯಿತು? ಕೊಟ್ಟವರು ಯಾರು? ಆ ಕೈ ನಾಳೆ ಮುಷ್ಟಿ ಹಿಡಿದರೆ ಬಿಡಿಸುವವರು ಯಾರು?

ಈ ಪ್ರಶ್ನೆಗೆ ಉತ್ತರ ಹೇಳಿದ ಕಾರ್ಟೂನು ಒಂದಿದೆ. ಅದೂ ಯಾರೂ ಲೆಕ್ಕಕ್ಕಿಡದ ಒಂದು ಹಗುರ ಕಾರ್ಟೂನು. 1985ರ ‘ಜೆಟ್ಸನ್ಸ್’ ಧಾರಾವಾಹಿಯ ಒಂದು ಕಂತು. ಬರಲಿರುವ ಕಾಲದ ಕತೆ, ಜನ ಹಾರುವ ಕಾರಿನಲ್ಲಿ ಓಡಾಡುತ್ತಾರೆ, ಆದರೂ ಒಡೆಯ ಸ್ಪೇಸ್ಲಿ ಹಬ್ಬದ ರಾತ್ರಿ ಜಾರ್ಜನನ್ನು ಹೆಚ್ಚು ಹೊತ್ತು ದುಡಿಸುತ್ತಾನೆ. ಇಲ್ಲಿ ಪುಟ್ಟ ಟಿಮ್‌ನ ಜಾಗದಲ್ಲಿ ಮನೆಯ ನಾಯಿ. ಸ್ಪೇಸ್ಲಿಯ ಕಾರ್ಖಾನೆಯಲ್ಲೇ ತಯಾರಾದ ಹಲ್ಲುಚಕ್ರವೊಂದು ಅದರ ಗಂಟಲಿಗೆ ಹೋಗಿ ಸಾಯುವ ಸ್ಥಿತಿಗೆ ಬರುತ್ತದೆ. ಬರಲಿರುವ ಕಾಲದ ದೆವ್ವ ತೋರಿಸುವುದು ಸಮಾಧಿಯನ್ನಲ್ಲ, ಕೋರ್ಟು ಕೇಸನ್ನು! ನಾಯಿ ಸತ್ತಿತು, ಜೆಟ್ಸನ್ ಮನೆಯವರು ದಾವೆ ಹಾಕಿ ಗೆದ್ದರು, ಒಡೆಯ ದಿವಾಳಿ. ಇದನ್ನು ಕಂಡ ಸ್ಪೇಸ್ಲಿ ಎದ್ದುಬಿದ್ದು ನಾಯಿಗೆ ವೈದ್ಯ ಮಾಡಿಸಲು ಓಡುತ್ತಾನೆ. ಅದನ್ನು ಬರೆದವರು ನಗಿಸಲಿಕ್ಕೆ ಬರೆದಿರಬಹುದು. ನಮಗೆ ಮಾತ್ರ ಇಡೀ ಸಾಲಿನಲ್ಲಿ ಅತ್ಯಂತ ಸತ್ಯವಾದ ಕಾರ್ಟೂನು ಅದೇ. ಎದೆ ಕರಗಲಿ ಎಂದು ಕಾಯಲಿಲ್ಲ, ಕಟಕಟೆ ತೋರಿಸಿತು.

ಚರಿತ್ರೆಯೂ ಅದನ್ನೇ ಹೇಳುತ್ತದೆ. ಡಿಕನ್ಸ್ ಓದಿದ ಆಯೋಗದ ಮೊದಲ ವರದಿ 1842ರಲ್ಲಿ ಬಂದಾಗ, ಅದೇ ವರ್ಷ ಗಣಿ ಕಾನೂನು ಬಂತು. ಹೆಂಗಸರನ್ನೂ 10 ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗೆ ಇಳಿಸಕೂಡದು ಎಂದಾಯಿತು. 1847ರಲ್ಲಿ ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬ ಕಾನೂನು ಬಂತು. ಅದರ ಹಿಂದೆ ಗಿರಣಿ ಕೆಲಸಗಾರರ ಎಷ್ಟೋ ವರ್ಷಗಳ ಸಭೆ, ಮೆರವಣಿಗೆ, ಮನವಿ ಇತ್ತು. ಕತ್ತಲ ಗಣಿಯಿಂದ ಮಕ್ಕಳು ಮೇಲೆ ಬಂದದ್ದು ಯಾವ ಸ್ಕ್ರೂಜನೂ ಕನಸು ಕಂಡಿದ್ದರಿಂದಲ್ಲ. ಅಷ್ಟಕ್ಕೂ ಸ್ಕ್ರೂಜ್ ತಾನಾಗಿ ಎಲ್ಲಿ ಬದಲಾದ? ಮೂರು ದೆವ್ವ ಕತ್ತಿನ ಪಟ್ಟಿ ಹಿಡಿದು ಎಳೆದಾಡಬೇಕಾಯಿತು. ಒತ್ತಡವಿಲ್ಲದೆ ಎದೆ ಕರಗುವುದಿಲ್ಲ ಎಂದು ಕತೆಗೇ ಗೊತ್ತು. ಕಾರ್ಟೂನಿನವರು ಒತ್ತಡವನ್ನು ಮರೆಸಿ ಕರಗಿದ್ದನ್ನು ಮಾತ್ರ ಮಾರುತ್ತಿದ್ದಾರೆ.

ಹಳ್ಳಿ ಶಾಲೆಗಳ ಮೇಷ್ಟ್ರೇ, ಮೇಡಂ ಅವರೇ, ಈ ಕಾರ್ಟೂನುಗಳನ್ನು ಮಕ್ಕಳಿಂದ ಬಚ್ಚಿಡಿ ಎಂದು ನಾವು ಹೇಳುತ್ತಿಲ್ಲ. ಬಚ್ಚಿಟ್ಟರೂ ಅವು ಅಪ್ಪನ ಮೊಬೈಲಿನಲ್ಲಿ ಬರುತ್ತವೆ. ತೋರಿಸಿ. ತೋರಿಸಿ ಆದ ಮೇಲೆ ದೀಪ ಹಾಕಿ ಕೇಳಿ. ಕ್ರ್ಯಾಚಿಟ್ಟನಿಗೆ ವಾರಕ್ಕೆ ಎಷ್ಟು ಬರುತ್ತಿತ್ತು, ಅವನ ಮನೆಯಲ್ಲಿ ಉಣ್ಣುವವರು ಎಷ್ಟು ಜನ, ಭಾಗಿಸಿ. ಸಾಹುಕಾರನ ಹಣ ಎಲ್ಲಿಂದ ಬಂತು, ಬರೆಯಿರಿ. ನಿಲುವಂಗಿಯ ಕೆಳಗಿನ ಇಬ್ಬರು ಮಕ್ಕಳು ಈ ಚಿತ್ರದಲ್ಲಿ ಇದ್ದಾರೆಯೇ, ಹುಡುಕಿ. ಇಲ್ಲದಿದ್ದರೆ ಅವರ ಚಿತ್ರ ನೀವೇ ಬಿಡಿಸಿ. ಮುದುಕ ಮುಂದಿನ ವರ್ಷ ಸತ್ತುಹೋದರೆ, ಅವನ ಜಾಗಕ್ಕೆ ಬಂದವನು ಏರಿಸಿದ ಸಂಬಳ ಇಳಿಸಿದರೆ, ಕ್ರ್ಯಾಚಿಟ್ ಯಾರ ಹತ್ತಿರ ಹೋಗಬೇಕು?

ಕಡೆಯದಾಗಿ ಒಂದು ಪ್ರಬಂಧ ಬರೆಸಿ. ಎಲ್ಲ ಚಿತ್ರಗಳಲ್ಲೂ ಕನಸು ಬೀಳುವುದು ಸಾಹುಕಾರನಿಗೆ. ಅದೇ ರಾತ್ರಿ ಊರಿನ ಇನ್ನೊಂದು ತುದಿಯಲ್ಲಿ ಗುಮಾಸ್ತನೂ ಮಲಗಿದ್ದಾನೆ, ಬಾಯಿ ಕಟ್ಟಿಸಿಕೊಂಡ ಅವನ ಹೆಂಡತಿಯೂ ಮಲಗಿದ್ದಾಳೆ. ಅವರಿಗೆ ಬಿದ್ದ ಕನಸು ಏನು? ಬೆಳಿಗ್ಗೆ ಎದ್ದು ಅವರು ಯಾರ ಯಾರ ಮನೆ ಬಾಗಿಲು ತಟ್ಟಿದರು, ಎಷ್ಟು ಜನ ಒಟ್ಟುಗೂಡಿದರು, ಸಾಹುಕಾರನ ಮುಂದೆ ನಿಂತು ಏನು ಕೇಳಿದರು? ನಮ್ಮ ಮಕ್ಕಳು ಬರೆಯಲಿ. ಬರೆದದ್ದನ್ನು ನಮಗೆ ಕಳಿಸಿ. ಒಂದಕ್ಷರ ತಿದ್ದದೆ ಈ ಪುಟಗಳಲ್ಲೇ ಅಚ್ಚು ಹಾಕುತ್ತೇವೆ.